ಇನ್‌ಲ್ಯಾಂಡ್ ಪತ್ರದ ಅಂಚಿನಲ್ಲಿದ್ದ ಸಾಲು

(ಬದಿಯಡ್ಕ ಕಡೆಯ ನಿವೃತ್ತ ಮಾಷ್ಟ್ರೊಬ್ಬರ ಪತ್ರ: "ಕೆಟ್ಟ ಯೋಚನೆ ಎಲ್ಲರಿಗೂ ಬರುತ್ತದೆ, ಹೆದರಬೇಡಿ ಎಂದು ಕಳೆದ ಸಂಚಿಕೆಯಲ್ಲಿ ಡಾಕ್ಟರೊಬ್ಬರ ಲೇಖನ ಹಾಕಿದ್ದೀರಿ. ಇದು ಸರಿಯಲ್ಲ. ಯದ್ಭಾವಂ ತದ್ಭವತಿ ಎಂದು ಹಿರಿಯರು ಹೇಳಿದ್ದು ಸುಮ್ನೆ ಅಲ್ಲ. ಯೋಚನೆ ಕೆಟ್ಟರೆ ಮನುಷ್ಯ ಕೆಟ್ಟಂತೆ. ಮನಸ್ಸನ್ನು ಬಿಗಿಹಿಡಿಯಲು ಕಲಿಸಬೇಕು, ಸಡಿಲ ಬಿಡಲು ಅಲ್ಲ.")

ಮಾಷ್ಟ್ರೇ, ನಮಸ್ಕಾರ.

ನಿಮ್ಮ ಅಕ್ಷರ ನೋಡಿಯೇ ಖುಷಿಯಾಯಿತು. ಈಗ ಇನ್‌ಲ್ಯಾಂಡಿನಲ್ಲಿ ಬರೆಯುವವರು ಎಷ್ಟು ಜನ ಇದ್ದಾರೆ ಹೇಳಿ? ಆದರೆ ನಾನು ಉತ್ತರ ಬರೆಯುತ್ತಿರುವುದು ನೀವು ಒಳಗೆ ಬರೆದದ್ದಕ್ಕಲ್ಲ. ಅಂಟು ಹಚ್ಚಿ ಮಡಚುವ ಅಂಚಿನಲ್ಲಿ, ಬೇರೆ ಪೆನ್ನಿನಲ್ಲಿ, ಇರುವೆ ಸಾಲಿನ ಹಾಗೆ ಒಂದಿಷ್ಟು ಬರೆದಿದ್ದೀರಲ್ಲ, ಅದಕ್ಕೆ. "ಒಂದು ವರ್ಷದಿಂದ ದೇವರಿಗೆ ದೀಪ ಹಚ್ಚುವಾಗ ನನಗೂ ಆಡಬಾರದ ಬೈಗುಳ ಮನಸ್ಸಿಗೆ ಬರುತ್ತದೆ. 108 ಸಲ ರಾಮನಾಮ ಹೇಳಿ ಸರಿಮಾಡಿಕೊಳ್ಳುತ್ತಿದ್ದೆ. ಈಗ 108 ಸಾಲುವುದಿಲ್ಲ."

ಫೋನ್ ಮಾಡಿ, ನಿಮ್ಮನ್ನು ಕೇಳಿಯೇ ಇದನ್ನು ಅಚ್ಚುಹಾಕುತ್ತಿದ್ದೇನೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕಿ, ಹೆಸರು ಬೇಡ" ಎಂದಿರಿ.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ಪಕ್ಕದ ಮನೆಯವನ ಮೇಲಿನ ಹಗೆಗೆ ದಿನಾ ನೀರೆರೆದು ಬೆಳೆಸುವವನಿಗೆ ಅದು ಸರಿ. ಆದರೆ ನಾವು ಕೂತು ಬೆಳೆಸಿದ ಯೋಚನೆ ಬೇರೆ, ತಾನಾಗಿ ಬಂದು ಬಿದ್ದದ್ದು ಬೇರೆ. ನಮ್ಮ ಕಡೆ ಎಷ್ಟು ಚೆನ್ನಾಗಿ ಹೇಳುತ್ತಾರೆ, "ಬೇಡಾದ್ದೆಲ್ಲ ಮಂಡೆಗೆ ಬರ್ತದೆ" ಅಂತ. ಬರ್ತದೆ ಎನ್ನುತ್ತೇವೆ, ತರುತ್ತೇವೆ ಎನ್ನುವುದಿಲ್ಲ. ನಲವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದ ನೀವು ಇದನ್ನು ಗಮನಿಸಬೇಕಿತ್ತು.

ಬೇಕಲ ಕೋಟೆಯ ಬುರುಜಿನ ಮೇಲೆ ನಿಂತಾಗ "ಈಗ ಹಾರಿದರೆ?" ಎಂದು ಒಂದು ಕ್ಷಣ ಅನ್ನಿಸುವುದುಂಟು. ನನಗೆ ಅನ್ನಿಸಿದೆ. ಸಾಯುವ ಆಸೆ ಏನೂ ಇರಲಿಲ್ಲ, ಕೆಳಗೆ ಬಂದು ಎರಡು ಗೋಳಿಬಜೆ ತಿಂದೆ. ಅಮೆರಿಕದಲ್ಲಿ 2012ರಲ್ಲಿ 431 ಕಾಲೇಜು ವಿದ್ಯಾರ್ಥಿಗಳನ್ನು ಇದರ ಬಗ್ಗೆ ಕೇಳಿದರು. ಆತ್ಮಹತ್ಯೆಯ ಯೋಚನೆ ಯಾವತ್ತೂ ಬಾರದವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನ "ಹೌದು, ಹಾಗನ್ನಿಸಿದೆ" ಎಂದರು. ಅದಕ್ಕೂ ಮುಂಚೆ, 1978ರಲ್ಲೇ, ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಪದ್ಮಲ್ ಡಿ ಸಿಲ್ವ ಎಂಬ ಮನಶ್ಶಾಸ್ತ್ರಜ್ಞರು ಯಾವ ಕಾಯಿಲೆಯೂ ಇಲ್ಲದ ಜನರನ್ನು ವಿಚಾರಿಸಿದ್ದರು. ನೂರಕ್ಕೆ ಸುಮಾರು 80 ಜನರಿಗೆ ಇಂಥ ಯೋಚನೆ ಬರುತ್ತಿತ್ತು. ಹೊಡೆಯುವುದು, ತಳ್ಳುವುದು, ಹೊಲಸು ಮಾತು, ಎಲ್ಲವೂ. ಗೀಳಿನ ಕಾಯಿಲೆಯವರ (ಒಸಿಡಿ, ಬೇಡದ ಯೋಚನೆ ಬಿಡದೆ ಕಾಡುವ ಕಾಯಿಲೆ) ಯೋಚನೆಗೂ ಇದಕ್ಕೂ ವಿಷಯದಲ್ಲಿ ದೊಡ್ಡ ವ್ಯತ್ಯಾಸವೇ ಇರಲಿಲ್ಲ. ಒಬ್ಬ "ಥೂ" ಎಂದು ಮುಂದೆ ಹೋಗುತ್ತಾನೆ. ಇನ್ನೊಬ್ಬ "ನನಗೇಕೆ ಬಂತು, ನಾನೆಂಥವನು" ಎಂದು ಅಲ್ಲೇ ಕೂರುತ್ತಾನೆ. ಮಂಡೆಬೆಚ್ಚ ಶುರುವಾಗುವುದು ಅಲ್ಲಿಂದ.

ನನ್ನ ದೊಡ್ಡಮ್ಮನ ಕತೆ ಹೇಳುತ್ತೇನೆ. ಮೊದಲ ಹೆರಿಗೆಯಾಗಿ ತಿಂಗಳಾಗಿರಲಿಲ್ಲ. ಒಂದು ದಿನ ಮನೆಯ ಮೆಟ್ಟುಕತ್ತಿ ಕಾಣೆ. ಎಲ್ಲ ಕಡೆ ಹುಡುಕಿದರು. ಕೊನೆಗೆ ಕೊಟ್ಟಿಗೆಯಲ್ಲಿ, ಅಡಿಕೆ ಹಾಳೆಯ ರಾಶಿಯ ಅಡಿಯಲ್ಲಿ, ಗೋಣಿಯಲ್ಲಿ ಸುತ್ತಿದ್ದು ಸಿಕ್ಕಿತು. ಅಡಗಿಸಿದ್ದು ದೊಡ್ಡಮ್ಮ. ಏಕೆಂದು ಹೇಳಲಿಲ್ಲ. ಅಷ್ಟು ದಿನ ಬಸಳೆಯನ್ನೂ ಕೈಯಲ್ಲೇ ಚಿವುಟುತ್ತಿದ್ದರಂತೆ. ಮೂವತ್ತು ವರ್ಷ ಕಳೆದ ಮೇಲೆ ನನ್ನ ಹತ್ತಿರ ಹೇಳಿದರು. ಕತ್ತಿ ಕಂಡಾಗಲೆಲ್ಲ ಮಗುವಿನ ಕುತ್ತಿಗೆ ಕಣ್ಣೆದುರು ಬರುತ್ತಿತ್ತಂತೆ. ತಾನು ರಾಕ್ಷಸಿ ಎಂದುಕೊಂಡು ಆ ಮೂವತ್ತು ವರ್ಷ ಬದುಕಿದ್ದರು ಅವರು. ಮಗುವಿಗೆ ತಾವೇ ಏನಾದರೂ ಮಾಡಿಬಿಟ್ಟರೆ ಎಂಬ ಯೋಚನೆ ಹೊಸ ತಾಯಂದಿರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬಂದಿತ್ತು ಎಂದು 2008ರಲ್ಲಿ ಕೆನಡಾದ ಸಂಶೋಧಕರು ಬರೆದಿದ್ದಾರೆ. ಅದನ್ನು ಓದಿ ಹೇಳೋಣವೆಂದರೆ ದೊಡ್ಡಮ್ಮ ಆಗಲೇ ಇರಲಿಲ್ಲ.

ಇನ್ನು ನಿಮ್ಮ ಬಿಗಿಹಿಡಿಯುವ ವಿಚಾರ. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದ ಪಂಡಿತನ ಕತೆಯನ್ನು ನೀವೇ ಕ್ಲಾಸಿನಲ್ಲಿ ಹೇಳಿರುತ್ತೀರಿ. ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1987ರಲ್ಲಿ ಮಂಗನ ಬದಲು ಬಿಳಿ ಕರಡಿ ಇಟ್ಟು ಅದನ್ನೇ ಪರೀಕ್ಷೆ ಮಾಡಿದ. ಐದು ನಿಮಿಷ ಕರಡಿಯ ಯೋಚನೆ ಬೇಡ, ಬಂದರೆ ಗಂಟೆ ಬಾರಿಸಿ ಎಂದ. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ "ಈಗ ಯೋಚಿಸಿ" ಎಂದಾಗ, ಮೊದಲಿನಿಂದಲೇ ಅನುಮತಿ ಇದ್ದವರಿಗಿಂತ ಇವರಿಗೇ ಕರಡಿ ಜಾಸ್ತಿ ಬಂತು.

ಹಿರಿಯರ ಮಾತೇ ಬೇಕೆಂದರೆ ಅದೂ ಇದೆ. ಬೇಡದ ಯೋಚನೆಗೆ ಐದು ಉಪಾಯ ಹೇಳುವ ಒಂದು ಪಾಲಿ ಸುತ್ತ, ಅಂದರೆ ಬುದ್ಧನ ಉಪದೇಶ, ಇದೆ. ಆಗಲೇ ಹೇಳಿದ ಡಿ ಸಿಲ್ವ ಶ್ರೀಲಂಕಾದವರು, ಇದರ ಬಗ್ಗೆಯೂ ಬರೆದಿದ್ದಾರೆ. ಅದರಲ್ಲಿ ಗಮನ ಕೊಡದೆ ಬಿಡುವುದು ಮೂರನೆಯದು. ಹಲ್ಲು ಕಚ್ಚಿ ಮನಸ್ಸನ್ನು ಅದುಮುವುದು ಐದನೆಯದು, ಬೇರೆ ಯಾವುದೂ ನಡೆಯದಿದ್ದರೆ ಮಾತ್ರ. ನಾವು ಐದನೆಯದರಿಂದಲೇ ಶುರುಮಾಡುತ್ತೇವೆ.

ನಗಬೇಡಿ, ನನ್ನದೂ ಒಂದಿದೆ. ಕೆಲವು ವರ್ಷದ ಹಿಂದೆ ಸಂಚಿಕೆ ಅಚ್ಚಿಗೆ ಹೋದ ರಾತ್ರಿ, ಬದುಕಿರುವವರೊಬ್ಬರ ಫೋಟೋವನ್ನು ಶ್ರದ್ಧಾಂಜಲಿ ಪುಟದಲ್ಲಿ ಹಾಕಿಬಿಟ್ಟೆನಾ ಎಂಬ ಯೋಚನೆ ಬಂತು. ಪ್ರೆಸ್ಸಿಗೆ ಫೋನ್ ಮಾಡಿದೆ. ಇಲ್ಲ ಎಂದರು. ಹತ್ತು ನಿಮಿಷ ನೆಮ್ಮದಿ, ಮತ್ತೆ ಫೋನ್. ನಾಲ್ಕನೇ ಸಲ ಹುಡುಗ ಎತ್ತಲಿಲ್ಲ. ಸಮಾಧಾನ ಸಿಕ್ಕಷ್ಟೂ ಸಂಶಯ ಬಲಿಯುತ್ತದೆ. ನಿಮ್ಮ 108 ಸಾಲದೇ ಹೋದದ್ದೂ ಹೀಗೇ ಅಲ್ವಾ? ಜಪ ಬೇಡ ಎನ್ನುವುದಿಲ್ಲ. ಬೈಗುಳಕ್ಕೆ ದಂಡವಾಗಿ ಜಪ ಬೇಡ. ದೀಪ ಹಚ್ಚಿ, ಬೈಗುಳ ಬಂದರೆ ಬರಲಿ, ಎಣಿಸದೆ ಎದ್ದು ಬನ್ನಿ. ಡಾಕ್ಟರುಗಳು ಗೀಳಿಗೆ ಮಾಡಿಸುವ ಅಭ್ಯಾಸವೂ ಇಂಥದ್ದೇ, ಮೆಲ್ಲಮೆಲ್ಲನೆ, ಜೊತೆಗಿದ್ದು. ಮಾತ್ರೆಗಳೂ ಇವೆ. ಅವು ಕೆಲಸ ಮಾಡಲು ವಾರಗಳೇ ಬೇಕು, ನಾಲ್ಕು ದಿನಕ್ಕೆ ಬಿಡಬಾರದು.

ಒಂದು ಎಚ್ಚರಿಕೆ ಮಾತ್ರ ಇದೆ. ಯೋಚನೆಗೆ ಹೆದರುವವರ ಮಾತು ಬೇರೆ. ಸಾಯಬೇಕೆಂದು ನಿಜವಾಗಿ ಅನ್ನಿಸಿದರೆ, ಯಾರೋ ಕಿವಿಯಲ್ಲಿ ಆಜ್ಞೆ ಮಾಡಿದ ಹಾಗಾದರೆ, ಬಾಣಂತಿಗೆ ತನ್ನ ಯೋಚನೆಯೇ ಸರಿ ಎಂದು ಕಂಡರೆ, ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಆದರೆ ಆಸ್ಪತ್ರೆ ಎಂದರೆ ನಮ್ಮ ಹಳೆಯ ಗೋಳು. ನನಗೆ ಗೊತ್ತಿರುವ ಒಬ್ಬ ಅಮ್ಮ ಇಂಥದ್ದಕ್ಕೇ ಹೋಗಿದ್ದರು. ಡಾಕ್ಟರಿಗೆ ಮಲಯಾಳಂ ಮಾತ್ರ, ಅಮ್ಮನಿಗೆ ತುಳು, ಕನ್ನಡ. ನಡುವೆ ದುಭಾಷಿ, ಹದಿನೈದು ವರ್ಷದ ಮಗ. ಆ ಯೋಚನೆ ಬರುತ್ತಿದ್ದದ್ದು ಮಗನ ಬಗ್ಗೆಯೇ. ಅವರು "ತಲೆನೋವು" ಎಂದು ಹೇಳಿ ತಲೆನೋವಿನ ಮಾತ್ರೆ ತಂದರು. 1956ರ ನವೆಂಬರ್ 1ರಂದು ನಾವು ಕಾಸರಗೋಡಿನವರು ಕೇರಳಕ್ಕೆ ಸೇರಿದೆವು. ಶಾಲೆ, ಕಚೇರಿ, ಬೋರ್ಡು ಎಂದು ಕನ್ನಡಕ್ಕಾಗಿ ಎಷ್ಟೋ ಹೋರಾಟ ಮಾಡಿದೆವು. ಮನಸ್ಸಿನ ಡಾಕ್ಟರು ಕನ್ನಡದಲ್ಲಿ ಕೇಳಿಸಿಕೊಳ್ಳಲಿ ಎಂದು ಒಂದು ಮನವಿ ಕೊಟ್ಟಿದ್ದು ನನಗಂತೂ ನೆನಪಿಲ್ಲ. ಕಾಲು ಮುರಿದರೆ ಬೆರಳಿಟ್ಟು ತೋರಿಸಬಹುದು. ಇದನ್ನು ಎಲ್ಲಿ ತೋರಿಸುವುದು? ಮಂಗಳೂರು ಇದೆಯಲ್ಲ ಎನ್ನುತ್ತಾರೆ. 2020ರಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರು ಎಷ್ಟು ದೂರ ಎಂದು ಗೊತ್ತಾಯಿತು.

ಸದ್ಯಕ್ಕೆ ಟೆಲಿ ಮಾನಸ್ ಇದೆ, ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಹಾಯ, ಸರಕಾರದ್ದು, 2022ರ ಅಕ್ಟೋಬರಿನಿಂದ. ನಂಬರು 14416. ಖರ್ಚಿಲ್ಲ, ಭಾಷೆ ಆರಿಸಿಕೊಳ್ಳಬಹುದು. ಮಗನನ್ನು ಹೊರಗೆ ಕಳಿಸಿ ಮಾತಾಡಬಹುದು.

ಮಾಷ್ಟ್ರೇ, ಮುಂದಿನ ಪತ್ರದಲ್ಲಿ ಅಂಚಿನ ಸಾಲನ್ನು ಮೊದಲ ಪುಟದಲ್ಲೇ ಬರೆಯಿರಿ. ಲೇಖನದ ಜಗಳ ಅಂಚಿಗೆ ಹೋಗಲಿ. ಮತ್ತೆ, ನಿಮ್ಮ ಚಂದಾ ಕಳೆದ ತಿಂಗಳಿಗೆ ಮುಗಿದಿದೆ.

- ಸಂ.