ಹೊಸ ಜಲಾಶಯ ಕಟ್ಟಿದರೆ ನೀರಿನ ತೊಂದರೆ ತೀರುತ್ತದೆಯೇ? ಎಷ್ಟು ದೊಡ್ಡದು ಬೇಕು ಅಂತ ಹೇಗೆ ಗೊತ್ತುಮಾಡುತ್ತಾರೆ?

ನೀವು ಕೇಳಿದ್ದು ಇಷ್ಟು: ಹತ್ತಾರು ಊರುಗಳಿಗೆ ನೀರು ಕೊಡುವ ಹಳೆಯ ಜಲಾಶಯ ಬೇಸಿಗೆಗೆ ತಳ ಕಾಣುತ್ತಿದೆ, ಮಳೆಗಾಲದಲ್ಲಿ ಅದೇ ನದಿ ತುಂಬಿ ಹರಿದುಹೋಗುತ್ತಿದೆ. ಇನ್ನೊಂದು ದೊಡ್ಡದು ಕಟ್ಟಿಬಿಟ್ಟರೆ ಮುಗೀತು ಅಲ್ವಾ?

ನಾನು ಹಲವು ವರ್ಷ ಈ ಲೆಕ್ಕವನ್ನೇ ಮಾಡಿಕೊಂಡಿದ್ದವನು. ಗೋಡೆ ಕಟ್ಟುವವರು ಬೇರೆ. ಅದಕ್ಕೂ ಮುಂಚೆ, ಕಟ್ಟಿದರೆ ತುಂಬುತ್ತಾ ಇಲ್ವಾ ಅಂತ ಕೂತು ನೋಡುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಉತ್ತರದಲ್ಲಿ ಸ್ವಲ್ಪ ಕೂಡುವುದು ಕಳೆಯುವುದು ಇರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಜಲಾಶಯ ನೀರು ಹುಟ್ಟಿಸುವುದಿಲ್ಲ, ಎತ್ತಿಡುತ್ತದೆ. ಆ ಎತ್ತಿಡುವುದರಲ್ಲೇ ಎರಡು ಬಗೆ. ಮಳೆಗಾಲದ್ದನ್ನು ಬೇಸಿಗೆಗೆ ಇಡುವುದು ಒಂದು. ಒಳ್ಳೆಯ ವರ್ಷದ್ದನ್ನು ಬರದ ವರ್ಷಕ್ಕೆ ಇಡುವುದು ಇನ್ನೊಂದು. ಮೊದಲನೆಯದು ಸುಲಭ, ಎರಡನೆಯದು ದುಬಾರಿ. ಎಷ್ಟು ದುಬಾರಿ ಅಂತ ಒಂದು ಚಿಕ್ಕ ಲೆಕ್ಕದಲ್ಲಿ ತೋರಿಸುತ್ತೇನೆ.

ಊರುಗಳಿಗೆ ತಿಂಗಳಿಗೆ 5 ಪಾಲು ನೀರು ಬೇಕು ಅಂದುಕೊಳ್ಳಿ. ವರ್ಷಕ್ಕೆ 60. ಮಳೆಯ ನಾಲ್ಕು ತಿಂಗಳು ನದಿಯಲ್ಲಿ ತಲಾ 15 ಪಾಲು ಬರುತ್ತದೆ, ಉಳಿದ ಎಂಟು ತಿಂಗಳು ತಲಾ 1. ಒಟ್ಟು 68. ಒಣ ತಿಂಗಳುಗಳಲ್ಲಿ ತಿಂಗಳಿಗೆ 4 ಪಾಲು ಕಡಿಮೆ ಬೀಳುತ್ತದೆ, ಅಂದರೆ ಒಟ್ಟು 32. ಮಳೆಗಾಲದಲ್ಲಿ ಮಿಗುವುದು 40. ಹಾಗಾದರೆ 32 ಪಾಲು ಹಿಡಿಯುವ ಜಲಾಶಯ ಸಾಕು, ಮೇಲಿನ 8 ಕೋಡಿ ಹರಿದುಹೋಗುತ್ತದೆ. ಆ ಕೋಡಿ ನೋಡಿಯೇ ಜನ "ಅಯ್ಯೋ, ನೀರೆಲ್ಲ ಪೋಲು" ಅನ್ನುವುದು.

ಈಗ ಒಂದು ವರ್ಷ ಮಳೆ ಕೈಕೊಟ್ಟಿತು ಅನ್ನಿ. ಮಳೆಯ ತಿಂಗಳಲ್ಲಿ 15 ಬರುವ ಕಡೆ 9 ಬಂತು. ವರ್ಷದ ಒಟ್ಟು 44, ಬೇಕಾದದ್ದು 60. 16 ಪಾಲು ಹಿಂದಿನಿಂದ ಉಳಿದಿರಬೇಕು. ಅದಕ್ಕೆ ಜಾಗ ಬೇಕೆಂದರೆ ಜಲಾಶಯ 32ರಿಂದ 48ಕ್ಕೆ ಏರಬೇಕು. ಒಂದೂವರೆ ಪಟ್ಟು! ಒಳ್ಳೆಯ ವರ್ಷದಲ್ಲಿ ಮಿಗುವುದು ಬರೀ 8 ಆದ್ದರಿಂದ ಆ 16 ಕೂಡಿಡಲು ಎರಡು ಒಳ್ಳೆಯ ವರ್ಷ ಬೇಕು. ಬರ ಸತತ ಎರಡು ವರ್ಷ ಬಂದರೆ? ಜಲಾಶಯ 64 ಇರಬೇಕು, ತುಂಬಲು ನಾಲ್ಕು ಒಳ್ಳೆಯ ವರ್ಷ ಸಾಲಾಗಿ ಬರಬೇಕು. ಇನ್ನೂ ಆವಿ, ಇಂಗುವುದು ಯಾವುದನ್ನೂ ಕಳೆದಿಲ್ಲ. ಗೋಡೆ ಎಷ್ಟು ಬೇಕಾದರೂ ಎತ್ತರ ಮಾಡಬಹುದು, ನದಿಯಲ್ಲಿ ಇರುವುದು 68 ಪಾಲೇ.

ನಾನು ಕೆಲಸಕ್ಕೆ ಸೇರಿದಾಗ ಇದನ್ನು ಗ್ರಾಫ್ ಹಾಳೆಯ ಮೇಲೆ ಮಾಡಿಸುತ್ತಿದ್ದರು. ರಿಪ್ಪಲ್ ಎಂಬ ಎಂಜಿನಿಯರ್ 1883ರಲ್ಲಿ ಪ್ರಕಟಿಸಿದ ವಿಧಾನ. ಪ್ರತಿ ತಿಂಗಳ ಒಳಹರಿವನ್ನು ಹಿಂದಿನದಕ್ಕೆ ಕೂಡುತ್ತಾ ಒಂದು ಗೆರೆ ಎಳೆಯುವುದು. ಅದು ಮಳೆಗಾಲದಲ್ಲಿ ಕಡಿದಾಗಿ ಏರುತ್ತದೆ, ಬೇಸಿಗೆಯಲ್ಲಿ ಮಲಗುತ್ತದೆ. ಬೇಡಿಕೆ ಒಂದು ನೇರ ಗೆರೆ. ಸ್ಕೇಲನ್ನು ಆ ಓರೆಯಲ್ಲೇ ಜಾರಿಸಿ ಏರಿನ ನೆತ್ತಿಗೆ ತಾಗಿಸಿದರೆ, ಮುಂದೆ ಎರಡೂ ಗೆರೆಗಳ ನಡುವೆ ಬೀಳುವ ಅತಿ ದೊಡ್ಡ ಅಂತರವೇ ಬೇಕಾದ ಸಂಗ್ರಹ. ಈಗ ಕಂಪ್ಯೂಟರ್ ನೂರಾರು ಬಗೆಯ ವರ್ಷಗಳನ್ನು ಹೊಸೆದು ನೋಡುತ್ತದೆ, ಆದರೂ ಒಳಗಿನ ವಿಚಾರ ಅದೇ.

ಗೆರೆ ಎಳೆಯುವುದು ಸುಲಭ. ಅಂಕಿ ಸರಿ ಇರಬೇಕಲ್ಲ?

ಒಮ್ಮೆ ಒಂದು ನದಿಯ 22 ವರ್ಷದ ದಾಖಲೆ ನನ್ನ ಮೇಜಿಗೆ ಬಂತು. ಸೇತುವೆಯ ಕಂಬಕ್ಕೆ ಬಳಿದ ಅಳತೆಪಟ್ಟಿಯಲ್ಲಿ ಬೆಳಗ್ಗೆ 8 ಗಂಟೆಗೆ ನೀರು ಎಲ್ಲಿದೆ ಅಂತ ದಿನಕ್ಕೊಂದು ಸಾಲು. ಎರಡು ದಿನ ಸುಮ್ನೆ ಟೈಪ್ ಮಾಡಿದೆ. ಮೂರನೇ ದಿನ ಕಣ್ಣಿಗೆ ಬಿತ್ತು: ಭಾನುವಾರದ ಅಂಕಿ ಯಾವಾಗಲೂ ಶನಿವಾರದ್ದೇ! ಪುಣ್ಯಾತ್ಮರು ಸೋಮವಾರ ಬಂದು ಎರಡೂ ಬರೆದಿದ್ದಾರೆ. ಅದು ಹೋಗಲಿ. ದೊಡ್ಡ ಪ್ರವಾಹ ಬಂದ ವಾರದಲ್ಲಿ "ಪಟ್ಟಿ ಮುಳುಗಿದೆ" ಅಂತ ಬರೆದು ಏಳು ಸಾಲು ಖಾಲಿ ಬಿಟ್ಟಿದ್ದರು. ವರ್ಷದ ಹೆಚ್ಚಿನ ನೀರು ಹರಿದದ್ದೇ ಆ ವಾರ. ನಾನು ಹಿಂದುಮುಂದಿನ ಸರಾಸರಿ ಹಾಕಿ ತುಂಬಿಬಿಟ್ಟೆ. ಆಮೇಲೆ ಸುತ್ತಲಿನ ಮಳೆಮಾಪಕಗಳ ಲೆಕ್ಕ ಇಟ್ಟು ನೋಡಿದರೆ, ನಾನು ಬರೆದದ್ದರ ಮೂರರಷ್ಟು ನೀರು ಹರಿದಿತ್ತು. ಇಡೀ ತಿಂಗಳ ಕೆಲಸ ಮತ್ತೆ ಮೊದಲಿಂದ.

ಇದೇ ತಪ್ಪು ದೊಡ್ಡ ಅಳತೆಯಲ್ಲಿ ಆದದ್ದು ಅಮೆರಿಕದ ಕೊಲೊರಾಡೊ ನದಿಯಲ್ಲಿ. 1922ರ ಒಪ್ಪಂದ ನದಿಯ ಮೇಲುಭಾಗಕ್ಕೆ, ಕೆಳಭಾಗಕ್ಕೆ ವರ್ಷಕ್ಕೆ ತಲಾ 75 ಲಕ್ಷ ಎಕರೆ-ಅಡಿ ಹಂಚಿತು (ಒಂದು ಎಕರೆ ನೆಲದ ಮೇಲೆ ಒಂದು ಅಡಿ ಎತ್ತರ ನಿಲ್ಲುವ ನೀರು ಒಂದು ಎಕರೆ-ಅಡಿ). ಅವರು ನೋಡಿದ ದಾಖಲೆಯ ವರ್ಷಗಳು ಮಾಮೂಲಿಗಿಂತ ಜಾಸ್ತಿ ಮಳೆಯವು. ಅಷ್ಟು ನೀರು ನದಿ ಆಮೇಲೆ ಸರಾಸರಿಯಲ್ಲಿ ಕೊಡಲೇ ಇಲ್ಲ. ಅದರ ಮೇಲಿನ ಮೀಡ್ ಜಲಾಶಯ 2022ರ ಜುಲೈನಲ್ಲಿ ಕಾಲು ಭಾಗಕ್ಕಿಂತ ತುಸು ಮೇಲಷ್ಟೇ ತುಂಬಿತ್ತು.

ಇನ್ನು ಆವಿ. ಒಂದು ಚದರ ಕಿಲೋಮೀಟರ್ ನೀರಿನ ಮೇಲ್ಮೈಯಿಂದ ವರ್ಷಕ್ಕೆ ಒಂದೂವರೆ ಮೀಟರ್ ಆವಿಯಾದರೆ 150 ಕೋಟಿ ಲೀಟರ್ ಹೋಯಿತು. ಬಿಸಿ ಪ್ರದೇಶದಲ್ಲಿ ಇದು ದೊಡ್ಡ ಮಾತೇನಲ್ಲ. ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿದರೆ ಸುಮಾರು 30,000 ಜನರ ಇಡೀ ವರ್ಷದ ನೀರು ಅದು. ಹಾಗಾಗಿ ಅಷ್ಟೇ ನೀರು ಹಿಡಿಯುವ ಎರಡು ಜಾಗ ಸಿಕ್ಕರೆ ಆಳವಾದ ಕಿರಿದಾದ ಕಣಿವೆ ಒಳ್ಳೆಯದು, ತಟ್ಟೆಯಂತೆ ಹರಡಿಕೊಳ್ಳುವ ಬಯಲು ಬೇಡ. 1959ರಲ್ಲಿ ಈಜಿಪ್ಟ್, ಸುಡಾನ್ ನೈಲ್ ನೀರು ಹಂಚಿಕೊಂಡಾಗ ವರ್ಷದ 84 ಶತಕೋಟಿ ಘನ ಮೀಟರಿನಲ್ಲಿ 10 ಶತಕೋಟಿಯನ್ನು ಅಸ್ವಾನ್ ಜಲಾಶಯದಲ್ಲಿ ಆರಿಹೋಗುವ ಪಾಲು ಅಂತ ಮೊದಲೇ ತೆಗೆದಿಟ್ಟರು. ಸೂರ್ಯನಿಗೂ ಒಂದು ಪಾಲು ಬರೆದುಕೊಟ್ಟ ಹಾಗೆ!

ಹೂಳಿನ ಬಗ್ಗೆ ಒಂದು ತಪ್ಪು ಕಲ್ಪನೆ ಎಲ್ಲೆಡೆ ಇದೆ. ತೂಬಿನ ಕೆಳಗಿನ ಜಾಗ, ಅಂದರೆ ಡೆಡ್ ಸ್ಟೋರೇಜ್, ಹೂಳಿಗೇ ಬಿಟ್ಟದ್ದು, ಅದು ಅಲ್ಲೇ ಹೋಗಿ ಕೂರುತ್ತದೆ ಅಂತ. ಹೂಳಿಗೆ ನಮ್ಮ ನಕ್ಷೆ ಗೊತ್ತಿಲ್ಲ. ನದಿ ಜಲಾಶಯಕ್ಕೆ ಸೇರುವ ಕಡೆ ವೇಗ ಕಡಿಮೆಯಾಗುತ್ತದೆ, ಮರಳು, ದಪ್ಪ ಮಣ್ಣು ಅಲ್ಲೇ ಬೀಳುತ್ತದೆ. ಅದು ನಾವು ಬಳಸುವ ನೀರಿನ ಜಾಗ. ತುಂಗಭದ್ರಾ ಜಲಾಶಯ 1953ರ ಹೊತ್ತಿಗೆ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ ಲೆಕ್ಕದಲ್ಲಿ ಸುಮಾರು 105. ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಚೀನಾದ ಹಳದಿ ನದಿಯ ಸಾನ್‌ಮೆನ್‌ಶಿಯಾದಲ್ಲಿ 1960ರಲ್ಲಿ ನೀರು ನಿಲ್ಲಿಸಿದರು. ಕೆಲವೇ ವರ್ಷಗಳಲ್ಲಿ ಹೂಳು ಎಷ್ಟು ತುಂಬಿತೆಂದರೆ, ಕಟ್ಟೆಯ ತಳದಲ್ಲಿ ಕಿಂಡಿ ತೆರೆದು ಕೆಸರು ನೀರನ್ನು ಹೊರಗೆ ಬಿಡುವ ವ್ಯವಸ್ಥೆ ಮಾಡಬೇಕಾಯಿತು. ಹೂಳೆತ್ತಬಹುದಲ್ಲ ಅಂತ ಎಲ್ಲರೂ ಕೇಳುತ್ತಾರೆ. ಎತ್ತಬಹುದು. ಆದರೆ ಎತ್ತಿದ ಮಣ್ಣಿನ ಬೆಟ್ಟವನ್ನು ಎಲ್ಲಿ ಸುರಿಯುವುದು?

ಕಲ್ಲು, ನೆಲದ ಪರೀಕ್ಷೆಯನ್ನು ಭೂವಿಜ್ಞಾನಿಗಳಿಗೆ ಬಿಡುತ್ತೇನೆ. ಕಟ್ಟೆ ಕೂರುವ ಜಾಗದ ಜೊತೆಗೆ ಸುತ್ತಲಿನ ಗುಡ್ಡಗಳನ್ನೂ ನೋಡಬೇಕು ಅನ್ನುವುದಷ್ಟೇ ನನ್ನ ಮಾತು. 1963ರ ಅಕ್ಟೋಬರ್ 9ರಂದು ಇಟಲಿಯ ವಾಯೊಂಟ್‌ನಲ್ಲಿ ಗುಡ್ಡ ಜಲಾಶಯಕ್ಕೆ ಜಾರಿ, ನೀರು ಕಟ್ಟೆಯ ಮೇಲಿಂದ ನುಗ್ಗಿ ಸುಮಾರು 2,000 ಜನ ಸತ್ತರು. ಕಟ್ಟೆ ಇವತ್ತಿಗೂ ನಿಂತಿದೆ.

ನಿಮ್ಮ ವಿಷಯಕ್ಕೆ ಬರೋಣ. ಹೊಸದನ್ನು ಅದೇ ನದಿಯಲ್ಲಿ, ಹಳೆಯದರ ಮೇಲ್ಗಡೆ ಕಟ್ಟುವ ಯೋಚನೆ ಇದ್ದರೆ ಹುಷಾರು. ಮೇಲೆ ಹಿಡಿದ ನೀರು ಕೆಳಗೆ ಬರಬೇಕಿದ್ದ ನೀರೇ. ಎರಡನ್ನೂ ಬೇರೆ ಬೇರೆ ಲೆಕ್ಕ ಮಾಡಿ ಕೂಡಿದರೆ ಒಂದೇ ನೀರನ್ನು ಎರಡು ಸಲ ಎಣಿಸಿದ ಹಾಗೆ. ಇಂಥ ವರದಿ ನಾನು ನೋಡಿದ್ದೇನೆ. ಪ್ರವಾಹವನ್ನೂ ತಡೆಯುತ್ತದೆ, ಬೇಸಿಗೆಗೂ ನೀರು ಕೊಡುತ್ತದೆ ಅಂತ ಬರೆದಿದ್ದರೂ ಕಿವಿ ನಿಮಿರಲಿ. ಪ್ರವಾಹ ತಡೆಯಲು ಜಲಾಶಯ ಖಾಲಿ ಇರಬೇಕು, ಬೇಸಿಗೆಗೆ ತುಂಬಿರಬೇಕು. ಎಷ್ಟು ಜಾಗ ಯಾವುದಕ್ಕೆ ಅಂತ ತಿಂಗಳುವಾರು ಬರೆದಿದ್ದರೆ ಮಾತ್ರ ನಂಬಿ.

ಮುಳುಗಡೆಯಾಗುವ ಊರಿನವರ ಹತ್ತಿರ ಕೊನೆಯಲ್ಲಿ ಹೋಗುವುದು ನಮ್ಮ ಕಸುಬಿನ ಹಳೇ ಕೆಟ್ಟ ಚಾಳಿ. ಜಾಗ ಆರಿಸುವಾಗಲೇ ಹೋಗಬೇಕು. ಪುನರ್ವಸತಿಯ ಖರ್ಚನ್ನು ಕಾಂಕ್ರೀಟಿನ ಪಕ್ಕದಲ್ಲೇ ಬರೆಯಬೇಕು.

ಹಾಗಾದರೆ ಕಟ್ಟಲೇಬಾರದಾ? ಹಾಗೇನಿಲ್ಲ. ಮಳೆಗಾಲ ಬೇಸಿಗೆಗಳ ನಡುವಿನ ಕೊರತೆ ನಿಮ್ಮದಾದರೆ, ಕೋಡಿ ಬಹುಪಾಲು ವರ್ಷ ನಿಜವಾಗಿ ಹರಿಯುತ್ತಿದ್ದರೆ, ಹೊಸ ಸಂಗ್ರಹ ಕೆಲಸಕ್ಕೆ ಬರುತ್ತದೆ. ಆದರೂ ನಾನಾಗಿದ್ದರೆ ಮೊದಲು ಕೊಳವೆ ಸೋರಿಕೆ ಅಳೆಸುತ್ತಿದ್ದೆ. ನೂರು ಪಾಲು ಬಿಟ್ಟು ಅರವತ್ತೈದು ಮನೆಗೆ ತಲುಪುತ್ತಿದ್ದರೆ, ಉಳಿದ ಮೂವತ್ತೈದು ಆಗಲೇ ಕಟ್ಟಿಯಾಗಿರುವ ಜಲಾಶಯ. ಆಮೇಲೆ ಹಳೆಯ ಕಟ್ಟೆಯನ್ನೇ ಎತ್ತರಿಸಬಹುದಾ, ಪಕ್ಕದ ಬರಿದಾದ ಕಣಿವೆಗೆ ಪ್ರವಾಹದ ನೀರನ್ನಷ್ಟೇ ತಿರುಗಿಸಿ ತುಂಬಬಹುದಾ ಅಂತ ನೋಡುತ್ತಿದ್ದೆ. ನದಿಗೆ ಅಡ್ಡ ಕಟ್ಟದೆ ಪಕ್ಕದಲ್ಲಿ ಹಿಡಿದರೆ ಹೂಳೂ ಕಡಿಮೆ.

ಯೋಜನೆಯ ವರದಿ ನಿಮ್ಮ ಕೈಗೆ ಸಿಕ್ಕರೆ ಮುನ್ನುಡಿ ಓದುತ್ತಾ ಕೂರಬೇಡಿ. ಹಿಂದಿನ ಅನುಬಂಧದಲ್ಲಿ ಒಳಹರಿವಿನ ಪಟ್ಟಿ ಇರುತ್ತದೆ. ಎಷ್ಟು ವರ್ಷದ್ದು, ನಿಮ್ಮ ಕಡೆಯ ಹಿರಿಯರು ನೆನಪಿಟ್ಟಿರುವ ದೊಡ್ಡ ಬರ ಅದರಲ್ಲಿ ಇದೆಯಾ ನೋಡಿ. ಎಷ್ಟು ವರ್ಷಕ್ಕೆ ಒಂದು ಸಲ ನೀರು ಸಾಲದೆ ಹೋಗಬಹುದು ಅಂತ ಒಪ್ಪಿಕೊಂಡಿದ್ದಾರೆ ನೋಡಿ. ನೀರಾವರಿಗೆ ನಾಲ್ಕರಲ್ಲಿ ಮೂರು ವರ್ಷ ಸಿಕ್ಕರೆ ಸಾಕು ಅಂತ ಯೋಜನೆ ಮಾಡುವುದುಂಟು, ಕುಡಿಯುವ ನೀರಿಗೆ ಆ ಲೆಕ್ಕ ನಡೆಯಲ್ಲ. ದಿನವಾರು ಪಟ್ಟಿ ಇದ್ದರೆ ಕೆಲವು ಪುಟಗಳ ಫೋಟೋ ಇಲ್ಲೇ ಕೆಳಗೆ ಹಾಕಿ. ಭಾನುವಾರಗಳನ್ನು ನಾನು ನೋಡಿ ಹೇಳುತ್ತೇನೆ.