ಕಟ್ಟಡ ಚೆನ್ನಾದರೆ ಹಳ್ಳಿ ಶಾಲೆಯಲ್ಲಿ ಕಲಿಕೆಯೂ ಚೆನ್ನಾಗುತ್ತದೆಯೇ?

ಹಳ್ಳಿಯ ಪ್ರಾಥಮಿಕ ಶಾಲೆಗೆ ಕೊಠಡಿ, ಶೌಚಾಲಯ, ನೀರು ಒದಗಿಸಿಬಿಟ್ಟರೆ ಮಕ್ಕಳು ಚೆನ್ನಾಗಿ ಕಲಿಯುತ್ತಾರಾ ಎಂದು ಕೇಳಿದ್ದೀರಿ. ಇಂಥ ಶಾಲೆಗಳಲ್ಲೇ ಪಾಠ ಮಾಡಿದವನಾಗಿ ಹೇಳುವುದಾದರೆ, ಮಕ್ಕಳು ಬರುವುದು ಹೆಚ್ಚುತ್ತದೆ. ಕಲಿಕೆ ಹೆಚ್ಚಬೇಕಾದರೆ ಮಾತ್ರ ಆ ಸೌಲಭ್ಯ ಪಾಠದ ಹೊತ್ತಿನಲ್ಲಿ ಮಗುವಿನ ಕಣ್ಣು ಕಿವಿಗೆ ಒದಗಬೇಕು.

ಶೌಚಾಲಯವನ್ನೇ ತೆಗೆದುಕೊಳ್ಳಿ. ಭಾರತದ ಶಾಲೆಗಳಲ್ಲಿ 2000ರ ದಶಕದಲ್ಲಿ ಕಟ್ಟಿಸಿದ ಶೌಚಾಲಯಗಳ ಬಗ್ಗೆ ಅಂಜಲಿ ಅಡುಕಿಯಾ ಅವರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ದಾಖಲಾತಿ ಹೆಚ್ಚಿತ್ತು. ಚಿಕ್ಕ ಮಕ್ಕಳಿಗೆ ಯಾವ ಶೌಚಾಲಯವಾದರೂ ಸಾಕಾಗಿತ್ತು, ದೊಡ್ಡ ಹುಡುಗಿಯರಿಗೆ ಪ್ರತ್ಯೇಕವಾದದ್ದೇ ಬೇಕಿತ್ತು. ಆದರೆ ಪರೀಕ್ಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಹಾಗೆಂದು ಅದು ದಂಡವೆನ್ನಬೇಡಿ, ಶಾಲೆಗೇ ಬಾರದ ಮಗುವಿಗೆ ಕಲಿಸುವುದೇನು?

ಕೀನ್ಯಾದ ಅನುಭವವೂ ಇಂಥದ್ದೇ. ಹಳ್ಳಿ ಶಾಲೆಗಳಿಗೆ ಪಠ್ಯಪುಸ್ತಕ ಕೊಟ್ಟಾಗ ಮೊದಲೇ ಮುಂದಿದ್ದ ಮಕ್ಕಳಿಗಷ್ಟೇ ಲಾಭವಾಯಿತು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಹೆಚ್ಚಿನ ಮಕ್ಕಳಿಗೆ ಅದು ಮೂರನೇ ಭಾಷೆ.

ಇನ್ನು ತರಗತಿಯೊಳಗೆ ಬನ್ನಿ. ಬಾಗಿಲಿಗೆ ಎದುರಾಗಿ ಕರಿಹಲಗೆ ಇದ್ದರೆ ಬಿಸಿಲೇರಿದಂತೆ ಅರ್ಧ ಹಲಗೆ ಬೆಳ್ಳಗೆ ಹೊಳೆಯುತ್ತದೆ. ಒಂದು ಮೂಲೆಯಲ್ಲಿ ಕೂತವನಿಗೆ ಅಕ್ಷರವೇ ಕಾಣದೆ ಪಕ್ಕದವನ ನೋಟ್ ಬುಕ್ ನೋಡಿ ಬರೆಯುತ್ತಾನೆ. ನಾವು ಮೇಷ್ಟ್ರುಗಳು "ಕಾಪಿ ಹೊಡೀತೀಯೇನೋ" ಎಂದು ಗದರುತ್ತೇವೆ! ತಗಡಿನ ಸೂರಿನ ಮೇಲೆ ಜೋರು ಮಳೆ ಬಿತ್ತೆಂದರೆ ಪಾಠ ನಿಂತಂತೆಯೇ, ಎಲ್ಲರಿಗೂ ಕಾಪಿ ಬರಹ. ಒಂದೇ ಕೋಣೆಯಲ್ಲಿ ಎರಡು ತರಗತಿ ಕೂತರೆ ಇನ್ನೂ ಕಷ್ಟ. ಅತ್ತ ನಾಲ್ಕನೆಯವರು ಮಗ್ಗಿ ಒಪ್ಪಿಸುತ್ತಿದ್ದರೆ, ಇತ್ತ ಒಂದನೆಯವರಿಗೆ 'ಲ' ಯಾವುದು, 'ಳ' ಯಾವುದು ಎಂದು ಕೇಳಿಸುವುದಾದರೂ ಹೇಗೆ? ಓದು ಕಲಿಯುವ ವಯಸ್ಸಿನಲ್ಲಿ ಈ ವ್ಯತ್ಯಾಸ ಕಿವಿಗೆ ಬೀಳದಿದ್ದರೆ ಮುಂದೆ ಕಾಗುಣಿತವೆಲ್ಲ ಎಡವಟ್ಟು. ಇದಕ್ಕೆ ಹೊಸ ಕಟ್ಟಡವೇ ಬೇಕೆಂದಿಲ್ಲ, ನಡುವೆ ಒಂದು ಗೋಡೆ ಎದ್ದರೂ ಆದೀತು.

ನನ್ನ ಕೈಯಲ್ಲಿ ಸ್ವಲ್ಪವೇ ಹಣವಿದ್ದರೆ ಮೊದಲು ಸೋರದ ಸೂರು, ಆ ಗೋಡೆ, ಬೆಳಕು ಬೀಳುವ ದಿಕ್ಕು ನೋಡಿ ಹಾಕಿದ, ಮಕ್ಕಳ ಕೈಗೆಟಕುವ ಹಲಗೆ. ಆಮೇಲೆ ಶೌಚಾಲಯಕ್ಕೆ ನೀರು ಮತ್ತು ತೊಳೆಯುವವರ ಸಂಬಳ. ಕಟ್ಟಿಸಿ ಬೀಗ ಜಡಿದಿಟ್ಟ ಶೌಚಾಲಯವೂ ಕೆಲವೊಮ್ಮೆ ವರದಿಯಲ್ಲಿ 'ಇದೆ' ಎಂದೇ ಲೆಕ್ಕವಾಗಿಬಿಡುತ್ತದೆ. ಗೇಟಿನ ಕಮಾನು, ಬಣ್ಣ ಎಲ್ಲ ಹಣ ಉಳಿದರೆ ನೋಡೋಣ.