‘ರಕ್ತದಲ್ಲೇ ಬಂದ ಕುಡಿತ’ ಲೇಖನವನ್ನು ಹಿಂತಿರುಗಿಸುತ್ತಾ

ಮಾನ್ಯರೇ,

ತಾವು ಕಳುಹಿಸಿದ ‘ರಕ್ತದಲ್ಲೇ ಬಂದ ಕುಡಿತ’ ಲೇಖನವನ್ನು ಎರಡು ಬಾರಿ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾಗದು. ತಿದ್ದಿದರೆ ನಿಲ್ಲಬಲ್ಲ ಬರಹವಾದ್ದರಿಂದ ಕಾರಣಗಳನ್ನು ಬಿಚ್ಚಿ ಬರೆಯುತ್ತಿದ್ದೇನೆ.

ತಾವು ಆಧರಿಸಿದ ಅಧ್ಯಯನ ಗಟ್ಟಿಯಾದುದೇ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅರ್ಪಣಾ ಅಗ್ರವಾಲ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ 6,257 ವಯಸ್ಕ ಅವಳಿಗಳ ಮಾಹಿತಿಯನ್ನಿಟ್ಟುಕೊಂಡು 2009ರಲ್ಲಿ ಪ್ರಕಟಿಸಿದ ಆ ಬರಹದ ಪ್ರಕಾರ, ಚಿಕ್ಕ ವಯಸ್ಸಿನಲ್ಲೇ ಕುಡಿಯಲಾರಂಭಿಸಿದವರ ನಡುವೆ ಮದ್ಯವ್ಯಸನದ ಲಕ್ಷಣಗಳಲ್ಲಿ ಕಾಣುವ ವ್ಯತ್ಯಾಸಕ್ಕೆ ಆನುವಂಶಿಕತೆಯ ಪಾಲು ದೊಡ್ಡದು, ತಡವಾಗಿ ಆರಂಭಿಸಿದವರಲ್ಲಿ ಪರಿಸರದ ಪಾಲು ದೊಡ್ಡದು. ಇದು ತಮ್ಮ ಕೈಯಲ್ಲಿ ‘ಹದಿನೈದರೊಳಗೆ ಕುಡಿದರೆ ಕುಡಿತದ ಜೀನ್ ಎಚ್ಚರಗೊಳ್ಳುತ್ತದೆ’ ಎಂದಾಗಿದೆ. ಅಲ್ಲಿ ಯಾವುದೇ ಒಂದು ಜೀನನ್ನು ಗುರುತಿಸಿಲ್ಲ, ಅವಳಿಗಳನ್ನು ಹೋಲಿಸಲಾಗಿದೆ ಅಷ್ಟೆ. ತದ್ರೂಪಿ ಅವಳಿಗಳ ವಂಶವಾಹಿಗಳು (ಜೀನ್‌ಗಳು) ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಸೋದರ ಅವಳಿಗಳು ಒಡಹುಟ್ಟಿದವರಂತೆ ಸರಾಸರಿ ಅರ್ಧದಷ್ಟನ್ನು ಹಂಚಿಕೊಂಡಿರುತ್ತಾರೆ. ವ್ಯಸನದ ವಿಷಯದಲ್ಲಿ ಮೊದಲನೆಯವರ ನಡುವಿನ ಹೋಲಿಕೆ ಎರಡನೆಯವರದ್ದಕ್ಕಿಂತ ಎಷ್ಟು ಹೆಚ್ಚು ಎಂಬುದರಿಂದಲೇ ಆನುವಂಶಿಕತೆಯ ಲೆಕ್ಕ ಹುಟ್ಟುತ್ತದೆ. ಈ ವಿವರಣೆ ತಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ. ಅದರ ಬದಲು ಸಾರಾಯಿ ಅಂಗಡಿಯ ಮುಂದೆ ಕುಳಿತ ಅಣ್ಣತಮ್ಮಂದಿರ ಚಿತ್ರಣಕ್ಕೆ ಒಂದೂವರೆ ಪುಟ ಹೋಗಿದೆ. ಸೊಗಸಾಗಿಯೇ ಬರೆದಿದ್ದೀರಿ, ಆದರೆ ಅವರು ಅವಳಿಗಳಲ್ಲ.

‘ವ್ಯಸನಿಯ ಕುಡಿತದ ಶೇ. 50 ಭಾಗ ತಂದೆಯಿಂದ ಬಂದದ್ದು’ ಎಂಬ ವಾಕ್ಯವನ್ನು ತೆಗೆಯಲೇಬೇಕು. ಮದ್ಯವ್ಯಸನದ ಆನುವಂಶಿಕತೆ ಸುಮಾರು ಅರ್ಧ ಎಂಬ ಅಂದಾಜು ಒಂದು ಜನಸಮೂಹದೊಳಗಿನ ವ್ಯತ್ಯಾಸಗಳನ್ನು ಕುರಿತದ್ದು. ಒಬ್ಬ ವ್ಯಕ್ತಿಯ ಚಟವನ್ನು ಆ ಅಳತೆಯಿಂದ ಎರಡು ಪಾಲು ಮಾಡಲಾಗದು.

ಎಲ್ಲಕ್ಕಿಂತ ದೊಡ್ಡ ಕೊರತೆ ಕೊನೆಯ ಭಾಗದಲ್ಲಿದೆ. ಅಮೆರಿಕದಲ್ಲಿ ಸಂಶೋಧಕರಾದ ಗ್ರಾಂಟ್ ಮತ್ತು ಡಾಸನ್ 1997ರಲ್ಲಿ ತೋರಿಸಿದಂತೆ, 15ಕ್ಕೆ ಮೊದಲೇ ಕುಡಿಯಲಾರಂಭಿಸಿದವರಲ್ಲಿ ಸುಮಾರು ಶೇ. 40 ಮಂದಿ ಜೀವನದ ಯಾವುದಾದರೂ ಘಟ್ಟದಲ್ಲಿ ವ್ಯಸನಿಗಳಾಗಿದ್ದರು, 20 ದಾಟಿ ಆರಂಭಿಸಿದವರಲ್ಲಿ ಸುಮಾರು ಶೇ. 10. ಇದನ್ನು ಉಲ್ಲೇಖಿಸಿ, ಆರಂಭವನ್ನು ಮುಂದೂಡಿದರೆ ವ್ಯಸನವೇ ತಪ್ಪುತ್ತದೆಂದು ಮುಗಿಸಿದ್ದೀರಿ. ಆದರೆ ಪ್ರೆಸ್ಕಾಟ್ ಮತ್ತು ಕೆಂಡ್ಲರ್ ಎಂಬ ಸಂಶೋಧಕರು 1999ರಲ್ಲಿ ಅಮೆರಿಕದ ವರ್ಜೀನಿಯಾದ ಅವಳಿಗಳನ್ನು ಪರಿಶೀಲಿಸಿ, ಬೇಗ ಆರಂಭಿಸುವುದೂ ವ್ಯಸನಕ್ಕೆ ಬೀಳುವುದೂ ಒಂದೇ ಕೌಟುಂಬಿಕ ಒಲವಿನ ಎರಡು ಫಲಗಳಿರಬಹುದು, ಮೊದಲನೆಯದು ಎರಡನೆಯದಕ್ಕೆ ನೇರ ಕಾರಣವೆನ್ನಲಾಗದು ಎಂದು ವಾದಿಸಿದರು. ಈ ತಕರಾರನ್ನು ಓದುಗರ ಮುಂದಿಡದೆ ತೀರ್ಪು ಕೊಡುವುದು ನ್ಯಾಯವಲ್ಲ. ನನಗಂತೂ ಲೇಖನದ ನಿಜವಾದ ಕುತೂಹಲ ಇರುವುದು ಈ ಜಗಳದಲ್ಲೇ, ಅಲ್ಲಿಂದಲೇ ಆರಂಭಿಸಿ.

ಹನ್ನೊಂದು ಕಡೆ ಬಂದಿರುವ ‘ಕುಡುಕ’ ಎಂಬ ಪದವನ್ನು ಬಿಟ್ಟು, ಒಂಬೈನೂರು ಪದಗಳೊಳಗೆ ಮತ್ತೆ ಬರೆದು ಕಳುಹಿಸಿದರೆ ಖಂಡಿತ ಓದುತ್ತೇನೆ.

ಇತಿ,
ಸಂಪಾದಕ